ಏಳನೇ ಪಾಠದ ದನಿ

“ಅಂಕಿಅಂಶ ಇದ್ದರೆ ಹಾಕಿ ಸಾರ್. ಬರೀ ಊಹೆಯ ಮೇಲೆ ಸಂಶೋಧನೆ ನಡೆಯೋದಿಲ್ಲ.” ಆರುನೂರು ಜನರ ಗುಂಪಿನಲ್ಲಿ ಹೀಗೆ ಬರೆದು ಸಂಶೋಧಕಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಟ್ಯಾಬ್‌ನಲ್ಲಿ ಓದು ಕಲಿಯುವ ಮಕ್ಕಳ ಬಗ್ಗೆ ಅವಳ ಪಿಎಚ್.ಡಿ. ಆರು ಪಾಠ ಸರಾಗವಾಗಿ ಮುಗಿಸಿದ ಮಕ್ಕಳು ಏಳನೆಯದರಲ್ಲಿ ಯಾಕೆ ನಿಲ್ಲಿಸುತ್ತಾರೆ ಎಂಬುದು ವರ್ಷ ಕಳೆದರೂ ಬಗೆಹರಿದಿರಲಿಲ್ಲ. ಶಿಕ್ಷಕರು, ಸಂಶೋಧಕರು, ಆ್ಯಪ್ ಮಾಡುವವರು ಸೇರಿದ್ದ ಆ ಚರ್ಚಾ ಗುಂಪಿನಲ್ಲಿ ಕೇಳಿದ್ದಳು. ಹಲವರು ಲೇಖನಗಳನ್ನು ಕಳಿಸಿದರು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, “ಏಳನೇ ಪಾಠದಲ್ಲಿ ಓದಿ ಹೇಳೋ ದನಿ ಬದಲಾಗುತ್ತೆ ತಾಯಿ. ಅಲ್ಲೀವರೆಗೂ ಹೆಂಗಸು, ಆಮೇಲೆ ಗಂಡಸು. ಮಕ್ಕಳಿಗೆ ಟೀಚರ್ ಬಿಟ್ಟುಹೋದ ಹಾಗೆ” ಎಂದಿದ್ದರು. ಅದಕ್ಕೇ ಅವಳ ಆ ಉತ್ತರ. ಇಬ್ಬರು ನಗುವ ಇಮೋಜಿ ಹಾಕಿದರು. ಮೇಷ್ಟ್ರು “ಸರಿ ತಾಯಿ” ಎಂದಷ್ಟೇ ಬರೆದರು.

ಮೂರು ತಿಂಗಳ ಮೇಲೆ, ಬೇರೆ ದಾರಿ ಕಾಣದೆ, ಏಳನೇ ಪಾಠಕ್ಕೂ ಹಳೆಯ ದನಿಯನ್ನೇ ಹಾಕಿಸಿ ನೋಡಿದಳು. ನಲವತ್ತು ಮಕ್ಕಳಲ್ಲಿ ಮೂವತ್ನಾಲ್ಕು ಮಂದಿ ದಾಟಿದರು.

“ಬೆಟ್ಟ ಅಗೆದು ಇಲಿ ಹಿಡಿದ್ರೂ ಒಳ್ಳೇ ಇಲೀನೇ ಹಿಡಿದಿದ್ದೀಯಮ್ಮ,” ಎಂದು ಅವಳ ಪಿಎಚ್.ಡಿ. ಗೈಡ್ ನಕ್ಕರು. “ಹೊಳೆದಿದ್ದು ಹೇಗೆ?”

“ಒಂದು ಫೋನ್ ಮಾಡಿ ಬರ್ತೀನಿ,” ಎಂದು ಅವಳು ಎದ್ದಳು. ಹೊರಗೆ ಬಂದು, ಕಾರಿಡಾರಿನ ಕಿಟಕಿಯ ಬಳಿ ನಿಂತು, ಗುಂಪಿನಲ್ಲಿದ್ದ ಮೇಷ್ಟ್ರ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಅವರ ಮಗಳು.

“ಅಪ್ಪ ಹೋಗಿ ಮೂರು ವಾರ ಆಯ್ತು. ತಾವ್ಯಾರು?”

“ನಾನು... ಅವರನ್ನ ಒಂದು ಪ್ರಶ್ನೆ ಕೇಳಿದ್ದೆ. ಏಳನೇ ಪಾಠದ್ದು...”

“ಓ, ನೀವೇನಾ?” ಆ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. “ಆ ಹುಡುಗಿಗೆ ಅಂಕಿಅಂಶ ಬೇಕಂತೆ ಅಂತ, ಕಾಲು ಊದ್ಕೊಂಡಿದ್ರೂ ದಿನಾ ಶಾಲೆಗೆ ಹೋಗಿ ಮಕ್ಕಳ ಪಕ್ಕ ಕೂತ್ಕೋತಿದ್ರು. ಬೇಡಪ್ಪ ಅಂದ್ರೆ, ‘ಅವಳು ಕೇಳಿದ್ದು ಸರಿಯಾಗೇ ಇದೆ, ಕೊಡಬೇಕಲ್ವಾ’ ಅನ್ನೋರು. ನೋಟ್‌ಬುಕ್ ಇದೆ. ಫೋಟೋ ತೆಗೆದು ಕಳಿಸ್ಲಾ?”

ಒಂದೊಂದಾಗಿ ಹಾಳೆಗಳು ಬಂದವು. ಸ್ಕೇಲಿಟ್ಟು ಎಳೆದ ಗೆರೆ, ಮಗುವಿನ ವಯಸ್ಸು, ನಿಲ್ಲಿಸಿದ ಹೊತ್ತು. ‘ದನಿ ಕೇಳಿ ತಲೆ ಎತ್ತಿದಳು.’ ‘ಟೀಚರ್ ಎಲ್ಲಿ ಎಂದ.’ ಕೊನೆಯ ಹಾಳೆಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಮೊದಲೇ ಸಂಖ್ಯೆ ಹಾಕಿಟ್ಟಿದ್ದರು. ಮೂರು ಸಾಲು ತುಂಬಿತ್ತು. ಮೂರನೆಯದರಲ್ಲಿ ಅಕ್ಷರ ನಡುಗಿತ್ತು: ‘ಇವನು ನಿಲ್ಲಿಸಲಿಲ್ಲ. ನಕ್ಕ. ನನ್ನ ಊಹೆ ತಪ್ಪೂ ಇರಬಹುದು. ಆಕೆಗೆ ತಿಳಿಸಬೇಕು.’

ಅವಳು ಬೆರಳಿನಿಂದ ಹಾಳೆಯನ್ನು ದೊಡ್ಡದು ಮಾಡಿ, ಕೆಳಗಿನ ಹದಿನೇಳು ಖಾಲಿ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಳು.