ಹೋಗಿ ಬರ್ತೀನಿ ಅಂದದ್ದು

ಶ್ರೀಕಾಂತನ ಕೆಲಸ ಹೋದದ್ದು ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ. ಅದರಲ್ಲೇನೂ ವಿಶೇಷವಿಲ್ಲ, ಆ ವರ್ಷ ಓಕ್ ಬ್ರೂಕಿನಲ್ಲಿ ಕೆಲಸ ಉಳಿದವರನ್ನೇ ಜನ ತಿರುಗಿ ನೋಡುತ್ತಿದ್ದರು. ವಿಶೇಷವಿದ್ದದ್ದು ಅವನು ಹೊರಬಿದ್ದ ರೀತಿಯಲ್ಲಿ. ಹದಿಮೂರು ವರ್ಷದ ಸಾಮಾನನ್ನು ರಟ್ಟಿನ ಡಬ್ಬಕ್ಕೆ ತುಂಬಿಕೊಂಡ ಮೇಲೆ, ಬಾಗಿಲ ತನಕ ಬಂದ ಮ್ಯಾನೇಜರ್ ಕ್ಯಾರೊಲ್‌ಗೂ ಪಕ್ಕದ ಸೆಕ್ಯೂರಿಟಿಯವನಿಗೂ ಮೈಸೂರಿನ ಮರ್ಯಾದಸ್ಥ ಏನು ಹೇಳಬೇಕೋ ಅದನ್ನೇ ಹೇಳಿದ, ಹೋಗಿ ಬರ್ತೀನಿ ಅಂತ. ಹೇಳಿದ್ದು ಇಂಗ್ಲಿಷಿನಲ್ಲಿ, ಅದೂ ವ್ಯಾಕರಣ ಕೆಡಬಾರದೆಂದು ತಿದ್ದಿ: "ಐ ವಿಲ್ ಕಮ್ ಬ್ಯಾಕ್." ಗಂಟಲು ಕಟ್ಟಿದ್ದರಿಂದ ಮಾತು ಸ್ವಲ್ಪ ಒರಟಾಗಿ ಬಂತು.

ನಾಲ್ಕನೇ ದಿನ ವಕೀಲರ ಕಾಗದ ಬಂತು. ಕಟ್ಟಡದ ಐನೂರು ಅಡಿಯೊಳಗೆ ಕಾಲಿಡಕೂಡದಂತೆ.

"ಏನಂದ್ರಿ ಅವರಿಗೆ?" ಎಂದು ಹೆಂಡತಿ ಪದ್ಮಜಾ ಕೇಳಿದಳು.

"ಬರ್ತೀನಿ ಅಂದೆ ಕಣೇ, ಇನ್ನೇನಂತಾರೆ?"

ಜನರೆಲ್ಲ ಡೆಟ್ರಾಯಿಟ್ ಬಿಟ್ಟು ಓಡುತ್ತಿದ್ದ ಕಾಲದಲ್ಲಿ ಇವನನ್ನು ಕರೆದ ಏಕೈಕ ಕಂಪನಿ ಇದ್ದದ್ದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ. ಹಣೆಬರಹ! ಹಳೆಯ ಮ್ಯಾನೇಜರ್ ಒಂದು ಒಳ್ಳೆಯ ಮಾತು ಹೇಳಿದರೆ ಕೆಲಸ, ಇಲ್ಲದಿದ್ದರೆ ಇಲ್ಲ, ಅಷ್ಟೇ ಉಳಿದಿತ್ತು. ಕ್ಯಾರೊಲ್ ಫೋನೇ ಎತ್ತಲಿಲ್ಲ. ಹತ್ತು ಸಲ ಮಾಡಿದರೆ ಪೊಲೀಸರು ಎತ್ತಬಹುದೆಂದು ಶ್ರೀಕಾಂತ ಎರಡಕ್ಕೇ ನಿಲ್ಲಿಸಿದ.

ಆಗ ಪದ್ಮಜಾಳಿಗೆ ಟ್ರೆಕ್ಕಿಂಗ್ ನೆನಪಾಯಿತು. ಆಫೀಸಿನವರೆಲ್ಲ ಸಂಸಾರ ಸಮೇತ ಕೊಲರಾಡೊದ ಬೆಟ್ಟಗಳ ಮೇಲಿನ ಹುಲ್ಲುಗಾವಲಿಗೆ ನಡೆದು ಹೋಗುವುದೆಂದು ಜನವರಿಯಲ್ಲೇ ಹೆಸರು ಕೊಟ್ಟಿದ್ದರು. ಮೊದಲ ಸಲ ಹತ್ತುವವರಿಗೂ ಸುಲಭ ಎಂದು ಜಾಹೀರಾತಿನಲ್ಲಿತ್ತು. ಕಂಪನಿ ತನ್ನ ಪಟ್ಟಿಯಿಂದ ಶ್ರೀಕಾಂತನನ್ನು ತೆಗೆದಿತ್ತು, ಟ್ರೆಕ್ಕಿಂಗಿನವರು ತಮ್ಮ ಪಟ್ಟಿಯಿಂದ ತೆಗೆದಿರಲಿಲ್ಲ. ಬೆಟ್ಟದಿಂದ ಐನೂರು ಅಡಿ ದೂರವಿರಬೇಕೆಂದು ಕಾಗದದಲ್ಲಿ ಎಲ್ಲೂ ಬರೆದಿಲ್ಲ, ನಡೀರಿ, ಎದುರಿಗೇ ಕೇಳಿ ಎಂದಳು ಪದ್ಮಜಾ.

ಇವರ ಮನೆಯಿದ್ದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಹೈಟ್ಸ್ ಇರುವುದು ಹೆಸರಿನಲ್ಲಿ ಮಾತ್ರ, ನೆಲ ದೋಸೆ ಕಾವಲಿಯ ಹಾಗೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಕಾಲಿದು, ಅಭ್ಯಾಸ ಯಾಕೆ ಎಂದು ಶ್ರೀಕಾಂತ ಗೊಣಗಿದ. ಆ ಕಾಲಿಗೆ ಆಗ ಹದಿನೆಂಟು ವರ್ಷ. ಪದ್ಮಜಾ ಬಿಡಲಿಲ್ಲ. ಬೆನ್ನಿಗೆ ಇಪ್ಪತ್ತು ಪೌಂಡ್ ಸೋನಾ ಮಸೂರಿ ಹೊರಿಸಿ, ಮಾಲ್‌ನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲನ್ನು ತಿಂಗಳಿಡೀ ಹತ್ತಿಸಿ ಇಳಿಸಿದಳು. ಅಕ್ಕಿ ಕೊಂಡು ಪಾಪ ಕಾರು ಎಲ್ಲಿಟ್ಟನೆಂದು ಮರೆತಿದ್ದಾನೆ ಎಂದುಕೊಂಡವರು ಒಬ್ಬಿಬ್ಬರಲ್ಲ.

ಜುಲೈಯಲ್ಲಿ ಬೆಟ್ಟದ ಬುಡದಲ್ಲಿ ಇವನನ್ನು ಕಂಡ ಕ್ಯಾರೊಲ್ ಬಿಳಿಚಿಕೊಂಡಳು. ದಾರಿಯುದ್ದಕ್ಕೂ ನಡುವೆ ಇಬ್ಬರು ದಾಂಡಿಗರನ್ನು ಇಟ್ಟುಕೊಂಡೇ ನಡೆದಳು. ಹನ್ನೊಂದು ಸಾವಿರ ಅಡಿಯಲ್ಲಿ ಮರಗಳು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಹಳದಿ, ನೀಲಿ, ಬಿಳಿ ಹೂವು, ಕಣ್ಣು ಹರಿದಷ್ಟು ದೂರ. ಅಷ್ಟು ಚೆಂದದ್ದನ್ನು ಶ್ರೀಕಾಂತ ಹುಟ್ಟಿದಾಗಿನಿಂದ ನೋಡಿರಲಿಲ್ಲ, ಆದರೆ ಮಂಡಿ ನಡುಗುತ್ತಿದ್ದರಿಂದ ಒಂದು ಬಂಡೆಯ ಮೇಲೆ ಕೂತುಬಿಟ್ಟ. ಇಪ್ಪತ್ತು ಅಡಿ ಆಚೆಯ ಬಂಡೆಯ ಮೇಲೆ ಕ್ಯಾರೊಲ್ ಕೂತಳು. ಅವಳಿಗೆ ತಲೆ ಸುತ್ತುತ್ತಿತ್ತು. ಇವರಿಬ್ಬರೂ ಇಲ್ಲೇ ಇರಲಿ, ಉಳಿದವರು ಎದುರಿಗೆ ಕಾಣುವ ಕೆರೆಯ ತನಕ ಹೋಗೋಣ ಎಂದು ಗೈಡ್ ತೀರ್ಮಾನಿಸಿದ. ಕ್ಯಾರೊಲ್ ಮುಖ ನೋಡುವ ಹಾಗಿರಲಿಲ್ಲ.

ಪದ್ಮಜಾ ಅವಳಿಗೆ ಉಪ್ಪು ಸಕ್ಕರೆ ಹಾಕಿದ ನಿಂಬೆನೀರು ಕುಡಿಸಿ, ಭುಜ ತಟ್ಟಿ, ವ್ಯಾಕರಣದ ಗೊಡವೆಯಿಲ್ಲದೆ ಹೇಳಿದಳು: "ಐ ವಿಲ್ ಗೋ ಅಂಡ್ ಕಮ್."

ಕ್ಯಾರೊಲ್ ಲೋಟ ಕೆಳಗಿಟ್ಟು, ಹಾಗೆಂದರೇನು ಎಂದು ಕೇಳಿದಳು. ಪದ್ಮಜಾ ಬಿಡಿಸಿ ಹೇಳಿದಳು. ನಮ್ಮಲ್ಲಿ ಹೋಗ್ತೀನಿ ಎಂದು ಯಾರೂ ಹೇಳುವುದಿಲ್ಲ, ಹಾಗೆ ಹೋಗುವವರು ಸತ್ತವರು ಮಾತ್ರ. ತರಕಾರಿ ಅಂಗಡಿಯವನಿಗೂ ಬರ್ತೀನಿ ಅಂತಲೇ ಹೇಳುವುದು. ಇಷ್ಟು ಹೇಳಿ ಅವಳು ಹೂವು ನೋಡಲು ಹೋದಳು.

ಕ್ಯಾರೊಲ್ ಶ್ರೀಕಾಂತನ ಕಡೆ ತಿರುಗಿದಳು. ಮೂರು ವಾರ ಆಫೀಸಿನ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದ್ದೆವು ಎಂದಳು. ಇಷ್ಟು ವರ್ಷ ಒಂದು ದಿನವೂ ಹಾಗೆ ಹೇಳದವನು ಅವತ್ತೇ ಯಾಕೆ ಹೇಳಿದೆ ಎಂದು ಕೇಳಿದಳು.

"ದಿನಾ ಬೈ ಅಂತಿದ್ದೆ," ಎಂದ ಶ್ರೀಕಾಂತ. "ಅವತ್ತು ಬೈ ಅನ್ನೋಕೆ ಬಾಯಿ ಬರಲಿಲ್ಲ. ತುಂಬಾ ದುಃಖ ಆಗಿತ್ತು."

ಕ್ಯಾರೊಲ್ ಎದ್ದು ಬಂದು ಇವನ ಬಂಡೆಯ ಮೇಲೆ ಕೂತಳು. ಸೋಮವಾರವೇ ಟ್ರಾಯ್‌ಗೆ ಫೋನ್ ಮಾಡಿದಳು.

ಆಗಸ್ಟಿನ ಒಂದು ಭಾನುವಾರ ಶ್ರೀಕಾಂತ ಟ್ರಾಯ್‌ನ ಕೆಲಸಕ್ಕೆ ಹೊರಡಲು ಕಾರಿಗೆ ಸಾಮಾನು ತುಂಬಿದ. ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಪದ್ಮಜಾಳ ಕೆಲಸ ಇನ್ನೂ ಇದ್ದದ್ದರಿಂದ ಅವಳು ಇಲ್ಲೇ ಇರುವುದೆಂದು ಆಗಿತ್ತು. ಒಂದು ಸಲ ಬಾಯಿ ಸುಟ್ಟುಕೊಂಡವನು ಬಾಗಿಲಲ್ಲಿ ನಿಂತು ಎಚ್ಚರದಿಂದ, "ಹೋಗ್ತೀನಿ" ಎಂದ.

ಪದ್ಮಜಾ ಅವನನ್ನು ಒಳಗೆ ಕರೆದು ಸೋಫಾದ ಮೇಲೆ ಕೂರಿಸಿ, ನೀರು ಕುಡಿಸಿ, ಐದು ನಿಮಿಷ ಗಡಿಯಾರ ನೋಡಿದಳು. ಮತ್ತೆ ಬಾಗಿಲಿಗೆ ಕರೆತಂದು, ಈಗ ಸರಿಯಾಗಿ ಹೇಳಿ ಎಂದಳು.

"ಹೋಗಿ ಬರ್ತೀನಿ." ಗಂಟಲು ಕಟ್ಟಿದ್ದರಿಂದ ಮಾತು ಒರಟಾಗಿಯೇ ಬಂತು.

ತರಕಾರಿ ಅಂಗಡಿಯವನು ಯಾವತ್ತೂ ಕೇಳದ್ದನ್ನು ಪದ್ಮಜಾ ಕೇಳಿದಳು.

"ಯಾವಾಗ?"