ಸೌರಫಲಕದ ಮೇಲೆ ಟವೆಲ್ ಒಣಹಾಕಬೇಡಿ

ಕೀಲಿ ತಿರುಗಿಸಿದರೆ ವ್ಯಾನು ಟಿಕ್ ಟಿಕ್ ಎಂದು ಸುಮ್ಮನಾಯಿತು. ಮೂರು ದಿನದಲ್ಲಿ ಇದು ಎರಡನೇ ಸಲ. ಬಡಗಿ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ಹಿಂದೆ ಮಂಚದ ಮೇಲಿದ್ದ ಹೆಂಡತಿ ಪುಟ್ಟ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದಳು. ತಂಪು ಇಳಿದುಹೋಗಿತ್ತು. ಒಳಗಿದ್ದದ್ದು ಗಂಡನ ಇನ್ಸುಲಿನ್ ಸೀಸೆಗಳು.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದಳು. ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಹೆಗಲು ಸೋತಿತ್ತು. ವರ್ಷಕ್ಕೊಮ್ಮೆ ಒಂಬತ್ತು ದಿನ ರಜೆ. ಆ ಒಂಬತ್ತು ದಿನಕ್ಕೆಂದೇ ಗಂಡ ಹಳೆಯದೊಂದು ಶಾಲಾ ವ್ಯಾನಿಗೆ ಮಂಚ, ಕಪಾಟು, ಮಡಚುವ ಮೇಜು ಕೂರಿಸಿದ್ದ. ವ್ಯಾನು ನಿಲ್ಲಿಸಲು ಜಾಗ, ಕರೆಂಟು ಬಾಡಿಗೆಗೆ ಕೊಡುವ ಶಿಬಿರದಲ್ಲಿ ನಿಂತರೆ ಮೂರೇ ದಿನಕ್ಕೆ ಕೈ ಖಾಲಿ. ಅದಕ್ಕೇ ಕೆರೆಯ ಪಕ್ಕದ ಈ ಬಯಲಿಗೆ ಬಂದಿದ್ದರು. ಇಲ್ಲಿ ಬಾಡಿಗೆ ಇಲ್ಲ, ಕರೆಂಟೂ ಇಲ್ಲ. ವ್ಯಾನಿನ ನೆತ್ತಿಯ ಮೇಲೆ ಸೆಕೆಂಡ್ ಹ್ಯಾಂಡ್ ಸೌರಫಲಕವೊಂದಿತ್ತು. ಫ್ರಿಜ್ಜನ್ನು ಅದೇ ನೋಡಿಕೊಳ್ಳುತ್ತದೆ ಎಂದು ಬಡಗಿ ನಂಬಿದ್ದ.

“ಮನೆಗೆ ಹೋಗೋಣ,” ಎಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಗಾಡಿ ಸ್ಟಾರ್ಟ್ ಆದ್ರೆ ತಾನೇ ಹೋಗೋದು?” ಎಂದ ಬಡಗಿ.

ಮೂವತ್ತು ಹೆಜ್ಜೆ ಆಚೆ, ರಣಬಿಸಿಲಲ್ಲಿ ನಿಂತ ಇನ್ನೊಂದು ವ್ಯಾನಿನಿಂದ ಮೀಟರಕ್ಕ ಇಳಿದು ಬಂದಳು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವಳು. ನಿವೃತ್ತಿಯಾದರೂ ಹೆಸರು ಅದೇ ಉಳಿದಿತ್ತು.

“ಮತ್ತೆ ಸತ್ತಿತಾ ಗಾಡಿ?”

“ಗಾಡಿ ಹಾಳಾಗಿ ಹೋಗ್ಲಿ ಅಕ್ಕಾ. ನಾನೇ ಅರ್ಧ ಸತ್ತಿದೀನಿ. ಇವರ ಔಷಧ ಬೇರೆ ಬೆಚ್ಚಗಾಗ್ತಿದೆ.”

“ಮೊದಲು ಅದನ್ನ ಕೊಡು, ನನ್ನ ಫ್ರಿಜ್ಜಲ್ಲಿ ಇಡ್ತೀನಿ. ಐಸ್ ಆಗೋ ಕಡೆ ಇಡಬಾರದು, ಹೆಪ್ಪುಗಟ್ಟಿದ್ರೂ ಅದು ಕೆಡುತ್ತೆ. ಈಗ ಸರಿ ಇದೆಯೋ ಇಲ್ವೋ ಅಂತ ನಾನು ಹೇಳೋಳಲ್ಲ. ಔಷಧದ ಅಂಗಡಿಯವರನ್ನ ಕೇಳು.”

ಹೆಂಡತಿ ಫೋನು ಮಾಡಿದಳು. ಅಂಗಡಿಯವರು ಎಷ್ಟು ಹೊತ್ತಾಯಿತು, ಎಷ್ಟು ಬೆಚ್ಚಗಿದೆ ಎಂದೆಲ್ಲ ಕೇಳಿ, ಈ ಸಲಕ್ಕೆ ತೊಂದರೆ ಇಲ್ಲ, ಮತ್ತೆ ಹೀಗಾಗಲು ಬಿಡಬೇಡಿ ಎಂದರು. ಮತ್ತೆ ಹೀಗಾದರೆ ರಜೆ ಅಲ್ಲಿಗೆ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಮೀಟರಕ್ಕ ಕತ್ತೆತ್ತಿ ವ್ಯಾನಿನ ನೆತ್ತಿ ನೋಡುತ್ತಿದ್ದಳು.

“ಫಲಕದ ಮೇಲೆ ಏನಮ್ಮ ಅದು?”

“ಟವೆಲ್ಲು. ನಾಲ್ಕು. ಒಂದು ದಿಂಬಿನ ಕವರೂ ಇದೆ.”

“ಅಲ್ಲೇ ಯಾಕೆ?”

“ಮರದ ಕೆಳಗೆ ಬಿಸಿಲೆಲ್ಲಿದೆ ಅಕ್ಕಾ? ಮಧ್ಯಾಹ್ನ ಒಂದು ಗಂಟೆ ಹೊತ್ತು ಕೊಂಬೆ ಸಂದಿಯಿಂದ ಅಲ್ಲಿ ಮಾತ್ರ ಬೀಳುತ್ತೆ. ಅಷ್ಟರಲ್ಲಿ ಒಣಗಿಸ್ಕೋಬೇಕಲ್ಲ.”

“ಬಂದ ಒಂದು ಗಂಟೆ ಬಿಸಿಲನ್ನೂ ಟವೆಲ್ಲಿಗೆ ಕುಡಿಸಿದ್ದೀಯ,” ಎಂದಳು ಮೀಟರಕ್ಕ.

ಬಡಗಿಗೆ ನಗು ಬಂತು.

“ನೀನು ನಗಬೇಡಪ್ಪ. ಮರದ ಕೆಳಗೆ ಗಾಡಿ ನಿಲ್ಲಿಸಿದ್ದು ಯಾರು?”

“ತಂಪಾಗಿರುತ್ತೆ ಅಂತ…”

“ತಂಪು ನಿನಗೆ ಬೇಕು, ಫಲಕಕ್ಕಲ್ಲ. ಒಂದು ಮೂಲೆ ಮೇಲೆ ನೆರಳು ಬಿದ್ರೂ ಅದರ ಶಕ್ತಿ ಎಷ್ಟೋ ಇಳಿದುಹೋಗುತ್ತೆ.”

“ಇರ್ಲಿ ಬಿಡಿ ಅಕ್ಕಾ,” ಎಂದಳು ಲಾಂಡ್ರಿಯಾಕೆ. “ಬಿಸಿಲಲ್ಲಿ ಫ್ರಿಜ್ ಓಡುತ್ತೆ ಅನ್ನೋದೇ ನನಗೆ ನಂಬಿಕೆ ಇಲ್ಲ. ಹೋದ ವರ್ಷ ಜನರೇಟರ್ ತಂದ್ರು. ಆ ಗದ್ದಲಕ್ಕೆ ಅಕ್ಕಪಕ್ಕದೋರು ಬೈದು ಕಳಿಸಿದ್ರು. ವರ್ಷಕ್ಕೊಂದು ಪ್ರಯೋಗ ಇವರದು, ಹಾಳಾಗೋ ರಜೆ ಮಾತ್ರ ನನ್ನದು.”

ಮೀಟರಕ್ಕ ಪಕ್ಕದಲ್ಲೇ ಕೂತಳು. “ನಂಬಬೇಡ. ಲೆಕ್ಕ ಹಾಕು. ನಿಮ್ಮ ಫ್ರಿಜ್ಜು ನಲವತ್ತು ವ್ಯಾಟಿಂದು. ತಣ್ಣಗಾದಾಗ ತಾನೇ ನಿಲ್ಲುತ್ತೆ. ಹಗಲು ರಾತ್ರಿ ಸೇರಿ ಹತ್ತು ಗಂಟೆ ಓಡುತ್ತೆ ಅಂತಿಟ್ಕೋ, ನಾನೂರು ವ್ಯಾಟ್-ಗಂಟೆ ಆಯ್ತು. ದೀಪ, ಫೋನು ಸೇರಿ ಇನ್ನೊಂದು ಐವತ್ತು. ನಿಮ್ಮ ಫಲಕ ನೂರೈವತ್ತು ವ್ಯಾಟಿಂದು. ನಾಲ್ಕು ಗಂಟೆ ಪೂರಾ ಬಿಸಿಲು ಕಂಡ್ರೆ ಆರುನೂರು. ಅಲ್ಲಿಲ್ಲಿ ಸ್ವಲ್ಪ ಸೋರಿದ್ರೂ ಸಾಕಾಗುತ್ತೆ.”

“ನಾನು ಇಸ್ತ್ರಿಪೆಟ್ಟಿಗೆ ತಂದಿದೀನಿ,” ಎಂದಳು ಅವಳು ಸಣ್ಣ ದನಿಯಲ್ಲಿ.

“ರಜೆಗೂ ಇಸ್ತ್ರೀನಾ ತಾಯಿ? ಇಸ್ತ್ರಿ, ಹೀಟರು, ಕರೆಂಟ್ ಒಲೆ, ಕಾಯೋ ಸಾಮಾನು ಯಾವುದೂ ಬೇಡ. ಎಲ್ಲಾನೂ ಕುಡಿದುಬಿಡುತ್ತವೆ.” ಆಮೇಲೆ ಬಡಗಿಯ ಕಡೆ ತಿರುಗಿದಳು. “ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿಗೇ ಫ್ರಿಜ್ಜನ್ನೂ ಕಟ್ಟಿದೀಯ. ಅದು ಒಂದು ಸಲ ಜೋರಾಗಿ ಒದೆಯೋಕೆ ಇರೋದು, ದಿನವಿಡೀ ಹೊರೆ ಹೊರೋಕಲ್ಲ. ಮನೆ ಬಳಕೆಗೆ ಸೋಲಾರ್ ಬ್ಯಾಟರಿ ಬೇರೆ ಇರಬೇಕು. ಆಗ ಅದು ಖಾಲಿಯಾದ್ರೂ ಗಾಡಿ ಹೊರಡುತ್ತೆ.”

ತನ್ನ ವ್ಯಾನಿನಿಂದ ಕೇಬಲ್ ಎಳೆದು ಅವರ ಗಾಡಿ ಎಬ್ಬಿಸಿಕೊಟ್ಟಳು. ಬಡಗಿ ಹತ್ತಿರದ ಪೇಟೆಗೆ ಹೋಗಿ ಎರಡನೇ ಬ್ಯಾಟರಿ ಹಾಕಿಸಿಕೊಂಡು ಬಂದ. ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು ಚಾರ್ಜು ಮಿತಿಮೀರದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಮೊದಲೇ ಇತ್ತು. ಬ್ಯಾಟರಿಯ ಬುಡದಲ್ಲಿ ಇರಬೇಕಾದ ಫ್ಯೂಸ್ ಇರಲಿಲ್ಲ. ಮೆಕ್ಯಾನಿಕ್ ಅದನ್ನೂ ಹಾಕಿ, ನಾಲ್ಕು ಮಾತು ಬೈದು ಕಳಿಸಿದ್ದ.

ಬೈಸಿಕೊಂಡು ಬಂದವನು ಸುಮ್ಮನೆ ಕೂರಲಿಲ್ಲ. ಫಲಕವನ್ನು ನೆತ್ತಿಯಿಂದ ಇಳಿಸಿ, ಅದಕ್ಕೆ ಓರೆಯಾಗಿ ನಿಲ್ಲುವ ಮಡಚು ಚೌಕಟ್ಟು ಮಾಡಿದ. ಉದ್ದನೆಯ ವೈರು ಎಳೆದು ಬಯಲಲ್ಲಿ ನಿಲ್ಲಿಸಿದ. ವ್ಯಾನು ನೆರಳಲ್ಲೇ ಉಳಿಯಿತು, ಫಲಕ ಬಿಸಿಲಿಗೆ ಹೋಯಿತು. ಟವೆಲ್ಲುಗಳಿಗೆ ಹಗ್ಗ ಬಂತು.

ಮರುದಿನ ಬೆಳಿಗ್ಗೆ ಫ್ರಿಜ್ಜಿನೊಳಗಿನ ಥರ್ಮಾಮೀಟರ್ ಐದು ಡಿಗ್ರಿ ತೋರಿಸಿತು. ಅವಳು ನಂಬಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಮೀಟರಕ್ಕನ ಬಳಿ ಇದ್ದ ಸೀಸೆಗಳನ್ನು ವಾಪಸ್ ತಂದಿಟ್ಟಳು. ಅದರ ಮರುದಿನ ಮೋಡ ಕವಿಯಿತು. ಮೀಟರಕ್ಕ ಮೊದಲೇ ಎಚ್ಚರಿಸಿದ್ದಳು, ಮೋಡದ ದಿನ ಫಲಕ ಅರೆಹೊಟ್ಟೆಯಲ್ಲಿ ದುಡಿಯುತ್ತದೆ ಎಂದು. ಅವರು ದೀಪ ಹಚ್ಚಲಿಲ್ಲ, ಫ್ರಿಜ್ಜಿನ ಬಾಗಿಲನ್ನು ಸುಮ್ಮಸುಮ್ಮನೆ ತೆಗೆಯಲಿಲ್ಲ. ಐಸಿನ ಡಬ್ಬಿಯೊಂದನ್ನು ತಯಾರಾಗಿ ಇಟ್ಟುಕೊಂಡಿದ್ದರು. ಅದು ಬೇಕಾಗಲಿಲ್ಲ.

ಆರನೇ ದಿನ ಬೆಳಿಗ್ಗೆ ಬಡಗಿ ಇನ್ಸುಲಿನ್ ತೆಗೆದುಕೊಂಡು, ಸೀಸೆಯನ್ನು ಹೆಂಡತಿಯ ಕೆನ್ನೆಗೆ ತಾಗಿಸಿದ. ತಣ್ಣಗಿತ್ತು.

“ಸರಿ, ಗೊತ್ತಾಯ್ತು,” ಎಂದಳು ಕಣ್ಣು ಬಿಡದೆಯೇ. “ಇನ್ನು ನನ್ನ ಎಬ್ಬಿಸಬೇಡಿ.” ಮಗ್ಗುಲು ಬದಲಿಸಿ ಮಧ್ಯಾಹ್ನದವರೆಗೆ ಮಲಗಿದಳು. ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ, ಅವಳಿಗೂ ಲೆಕ್ಕವಿರಲಿಲ್ಲ.

ಕರೆಂಟಿಲ್ಲದ ಕಡೆ ನಾಲ್ಕು ದಿನ ವ್ಯಾನಿನಲ್ಲಿ ಇದ್ದು ಬರಲು ನೀವೂ ಹೊರಟಿದ್ದರೆ, ಫಲಕ ಕೊಳ್ಳುವ ಮುಂಚೆ ನಿಮ್ಮ ಸಾಮಾನು ಎಷ್ಟು ವ್ಯಾಟು, ಎಷ್ಟು ಗಂಟೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದೊಡ್ಡದೇ ಬೇಕೆಂದಿಲ್ಲ, ಲೆಕ್ಕಕ್ಕೆ ತಕ್ಕದ್ದು ಸಾಕು. ಬ್ಯಾಟರಿ ಬೇರೆ ಇರಲಿ, ಫ್ಯೂಸ್ ಮರೆಯಬೇಡಿ, ವೈರಿನ ಕೆಲಸ ತಿಳಿದವರಿಂದಲೇ ಮಾಡಿಸಿ. ಫಲಕದ ಧೂಳು ಒರೆಸಿ, ಅದರ ಮೇಲೆ ನೆರಳು ಬೀಳದಂತೆ ನೋಡಿಕೊಳ್ಳಿ. ತಂಪಿನಲ್ಲಿಡಬೇಕಾದ ಔಷಧ ನಿಮ್ಮ ಬಳಿ ಇದ್ದರೆ ನಿಮ್ಮ ಡಾಕ್ಟರನ್ನು ಕೇಳದೆ ಹೊರಡಬೇಡಿ. ಇನ್ನೊಂದು ಮಾತು, ಹೊರಡುವ ಮುಂಚೆ ಮನೆಯ ಮುಂದೆಯೇ ಒಂದು ಹಗಲು, ಒಂದು ರಾತ್ರಿ ಎಲ್ಲವನ್ನೂ ನಡೆಸಿ ನೋಡಿ. ದಣಿದವರಿಗೆ ರಜೆ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕ ದಿನಗಳನ್ನು ಸತ್ತ ಬ್ಯಾಟರಿಯ ಪಕ್ಕ ಕೂತು ಕಳೆಯಬೇಡಿ.