ಬೇರಿನ ಮೇಲಿಟ್ಟ ಒಳಕಲ್ಲು

ಮತ್ತೊಂದು ಗುಳ್ಳೆ — ಬೇರಿನ ಸಂದಿಯಿಂದ ಬಿಡಿಸಿಕೊಂಡು ಮೇಲೆ ಬಂದು ಒಡೆಯಿತು, ಒಳಗೆ ಇನ್ನೂ ಗಾಳಿ ಇದೆ ಎಂದಾಯಿತು, ಇಪ್ಪತ್ತೆಂಟು ದಿನ ನೀರಲ್ಲಿದ್ದರೂ ಇದೆ, ರೂಪಾಲಿ ಮೀನಿನ ಟ್ಯಾಂಕಿನ ಗಾಜಿಗೆ ಮುಖ ಹತ್ತಿರ ತಂದಳು, ಚಹಾದ ಬಣ್ಣದ ನೀರು, ತಳದಲ್ಲಿ ಜಾಲಿ ಬೇರು, ಅದರ ಬೆನ್ನ ಮೇಲೆ ಬೋರಲು ಹಾಕಿದ ಸಣ್ಣ ಒಳಕಲ್ಲು, ಅಕ್ಕ ಶೇಂಗಾ ಚಟ್ನಿ ಕುಟ್ಟುತ್ತಿದ್ದ ಕಲ್ಲು, ಈಗ ಈ ಮನೆಯಲ್ಲಿ ಚಟ್ನಿಗೆ ಮಿಕ್ಸರ್. ಪಡಸಾಲೆಯಲ್ಲಿ ಅಪ್ಪ ಕೆಮ್ಮಿದ. ಕರಜಗಿಯಿಂದ ಮೊದಲ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದಿದ್ದಾನೆ, ಹೊಸ ಟೋಪಿ ಹಾಕಿಕೊಂಡು, ಆ ಟೋಪಿ ಕಂಡಾಗಲೇ ಅವಳಿಗೆ ತಿಳಿಯಿತು, ಮಗಳನ್ನು ಕರೆದೊಯ್ಯಲು ಬಂದವನಾದರೆ ಹಳೆಯದನ್ನೇ ಹಾಕಿಕೊಂಡು ಬರುತ್ತಿದ್ದ. ಒಂದ ತಿಂಗಳ ಇರವಾ, ಅಕ್ಕನ ಕೂಸಿಗಿ ಹೊಂದಿಕಿ ಆಗೂತನಕ, ಎಂದು ಬಿಟ್ಟುಹೋದವನೂ ಅವನೇ. ಬೇರು ತಂದವನು ದಾಜಿ, ಅಕ್ಕನ ಗಂಡ ಲಕ್ಷ್ಮೀಕಾಂತ. ಅಕ್ಕನ ದಿನಕರ್ಮ ಮುಗಿಸಿ ಎಲ್ಲರೂ ಬೋರಿ ಹೊಳೆಯ ದಂಡೆಯಲ್ಲಿ ಕೈಕಾಲು ತೊಳೆಯುತ್ತಿರುವಾಗ ಅವನ ಕಣ್ಣು ಉಸುಕಿನಲ್ಲಿ ಹೂತಿದ್ದ ಬೇರಿನ ಮೇಲೆ — ಅವಳು ನೋಡಿದ್ದಳು, ಅವಳೊಬ್ಬಳೇ ನೋಡಿದ್ದಳು — ಒದ್ದೆ ಬಟ್ಟೆಯಲ್ಲೇ ಹೋಗಿ ಎಳೆದು, ಹೊರಳಿಸಿ, ಬೆರಳಿನಿಂದ ಬಡಿದು ನೋಡಿ, ಮೀನಿನ ಟ್ಯಾಂಕಿನಲ್ಲಿ ಚೆಂದ ಕಾಣುತ್ತದೆಂದು ಗಾಡಿಯ ಹಿಂದೆ ಕಟ್ಟಿಕೊಂಡ. ಎರಡು ದಿನ ಸ್ನಾನದ ಹಂಡೆಯಲ್ಲಿ ಕುದಿಸಿದವಳು ಅವಳು. ಆದರೂ ಟ್ಯಾಂಕಿಗಿಟ್ಟರೆ ಟಪ್ಪನೆ ಮೇಲೆ. ಭಾರ ಇಡು, ನೀರ ಕುಡದು ಕುಡದು ತಾನ ಭಾರ ಆಗತದ, ಆಮ್ಯಾಲ ಕಲ್ಲ ತಗದರೂ ಏಳೂದಿಲ್ಲ ಎಂದ ದಾಜಿ, ಮೀನಿನ ಮಾತು ಬಂದರೆ ಅವನ ದನಿ ಮೆತ್ತಗೆ. ಮನೆಯಲ್ಲಿ ಸಿಕ್ಕ ಭಾರ ಈ ಕಲ್ಲೊಂದೇ. ಬಿಸಿನೀರಲ್ಲಿ ತೊಳೆದೇ ಇಟ್ಟಿದ್ದಳು, ಮರುದಿನ ನೀರಿನ ಮೇಲೆ ಎಣ್ಣೆಯ ಪದರ, ಐದು ವರ್ಷ ಶೇಂಗಾ ಕುಡಿದ ಕಲ್ಲು ಸುಮ್ಮನೆ ಬಿಟ್ಟೀತೇ, ಮೂರು ಮೀನು ಬಾಯಿ ಮೇಲೆ ಮಾಡಿ ಸತ್ತವು, ದಾಜಿಯ ತಾಯಿ ಪಾರ್ವತಿಬಾಯಿ ಕಸಬರಿಗೆ ಹಿಡಿದು ನಿಂತು, ನಿಮ್ಮಕ್ಕ ಹೋದರೂ ಆಕಿ ಎಣ್ಣಿ ಹೋಗಲಿಲ್ಲ ನೋಡು ಎಂದಳು, ನಗುತ್ತಲೇ ಎಂದಳು. ರೂಪಾಲಿ ನೀರು ಬದಲಿಸಿ, ಕಲ್ಲನ್ನು ಕುದಿಸಿ ಮತ್ತೆ ಇಟ್ಟಳು. ದಾಜಿ ಸತ್ತವನ್ನು ಕುಂಡದ ಮಣ್ಣಿನಲ್ಲಿ ಹೂತು, ಉಳಿದವು ಮಂಕಾಗಿವೆ ಎಂದು ಅದೇ ತಾಸಿನಲ್ಲಿ ಗಾಡಿ ಓಡಿಸಿ ಔಷಧ ತಂದ. ಅದೇ ತಾಸಿನಲ್ಲಿ. ಅಕ್ಕನಿಗೆ ನಾಳೆ. ಫೋನಿನಲ್ಲಿ ಅಕ್ಕನ ದನಿ ಸಣ್ಣಗೆ, ಜ್ವರ ಇಳೀವಲ್ಲದು ರೂಪಾ, ಇವರು ನಾಳಿ ತೋರಸೂಣು ಅಂತಾರ, ಮರುದಿನ ಮತ್ತೆ ನಾಳೆ, ನಾಲ್ಕು ನಾಳೆ ಆದ ಮೇಲೆ ಫೋನು ಎತ್ತಿದವಳು ಪಾರ್ವತಿಬಾಯಿ. ಡೆಂಗ್ಯೂ ಅಂತ, ಯಾರ ಕೈಯಾಗ ಐತಿ, ಎಂದು ಊರೆಲ್ಲ ಅಂದಿತು, ಅಪ್ಪನೂ ಅಂದ, ರೂಪಾಲಿ ಬಾಯಿ ಬಿಡಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ, ಏಳನೇ ಇಯತ್ತೆಗೆ ಸಾಲೆ ಬಿಡುವತನಕ ಉತ್ತರ ಗೊತ್ತಿದ್ದೂ ಸುಮ್ಮನೆ ಕೂತವಳು. ಮನೀ, ಟಾವೆಲ್ — ಕಳೆದ ವಾರ ಬಚ್ಚಲಿನಿಂದ ದಾಜಿ ಕೂಗಿದ, ಮನೀಷಾ ಎಂದರೆ ಅಕ್ಕ, ಯಾರೂ ತಿದ್ದಲಿಲ್ಲ, ರೂಪಾಲಿ ಟಾವೆಲ್ ಒಯ್ದು ಕೊಟ್ಟಳು, ಕೊಟ್ಟ ಮೇಲೆ ತನ್ನ ಕೈ ನೋಡಿಕೊಂಡಳು. ದಿನಾ ಬೆಳಿಗ್ಗೆ ಇದೇ ಕೈ — ಕಲ್ಲು ಜಾರಿದರೆ, ಬೇರು ಓರೆಯಾದರೆ, ಮೊಣಕೈತನಕ ನೀರಲ್ಲಿ, ನೀರಿನ ಮಟ್ಟದಲ್ಲಿ ಕೈ ಮುರಿದಂತೆ ಕಾಣುತ್ತದೆ, ಕೆಳಗಿನ ತುಂಡು ಅವಳದಲ್ಲ, ಕಂದು ಬಣ್ಣಕ್ಕೆ ತಿರುಗಿದ ಯಾರದೋ ಕೈ ಬೇರನ್ನು ಒತ್ತಿ ಹಿಡಿದಿರುತ್ತದೆ.

ತಿಂಗಳಾತು, ಕಲ್ಲ ತಗದು ನೋಡು ಎಂದು ದಾಜಿ ಪಡಸಾಲೆಯಿಂದಲೇ ಹೇಳಿದ್ದಾನೆ, ಹೇಳಿ ಮತ್ತೆ ಆ ಮಾತಿಗೇ ತಿರುಗಿದ್ದಾನೆ, ಮದುವೆ ದೀಪಾವಳಿಗೆ ಮೊದಲೋ ಆಮೇಲೋ ಎಂಬ ಮಾತಿಗೆ. ಕೂಸು ಈಕಿನ್ನ ಆಯಿ ಅಂತದ್ರಿ ಕಲ್ಲಣ್ಣ, ಅವ್ವ ಅಂತನ ತಿಳದದ, ಹೊರಗಿನಾಕಿ ಬಂದರ ಹೆಂಗ, ಎನ್ನುತ್ತಿದ್ದಾಳೆ ಅಪ್ಪನಿಗೆ ಪಾರ್ವತಿಬಾಯಿ, ಅಪ್ಪ ಹೂಂ ಹೂಂ ಎನ್ನುತ್ತಾನೆ. ಏಳಲಿ ಎಂದುಕೊಂಡಳು ರೂಪಾಲಿ, ಬೇರು ಎದ್ದರೆ ಹೋಗಿ ಅಪ್ಪನ ಮುಂದೆ ನಿಲ್ಲುತ್ತೇನೆ, ನಾಲ್ಕೂ ನಾಳೆಗಳನ್ನು ಹೇಳುತ್ತೇನೆ, ಇವನನ್ನು ಒಲ್ಲೆ ಎನ್ನುತ್ತೇನೆ, ಮಾತು ತಯಾರಿದೆ — ಅಪ್ಪಾ, ಅಕ್ಕ ಫೋನ್ ಮಾಡಿದ್ದಳು — ಅಷ್ಟೇ, ಅಷ್ಟು ಬಂದರೆ ಉಳಿದದ್ದು ಬರುತ್ತದೆ. ಎರಡೂ ಕೈಯಿಂದ ಕಲ್ಲು ಎತ್ತಿ ನೆಲಕ್ಕಿಟ್ಟಳು. ಬೇರು ಅಲುಗಲಿಲ್ಲ. ಒಂದು ಮೀನು ಬಂದು ಕಲ್ಲಿದ್ದ ಜಾಗ ಮೂಸಿತು. ಕುಡಿದುಬಿಟ್ಟಿತೇ, ಇಷ್ಟೇ ದಿನಕ್ಕೆ — ಅಷ್ಟರಲ್ಲಿ ತುದಿ, ತೆಳ್ಳನೆಯ ತುದಿ, ಬೆರಳಷ್ಟು ಮೇಲೆದ್ದಿತು, ನಿಂತಿತು, ಮತ್ತೆ ಎದ್ದಿತು, ಇಡೀ ಬೇರು ಉಸುಕು ಕೊಡವಿಕೊಂಡು ನಿಧಾನಕ್ಕೆ ಮೇಲೆ ಬರುತ್ತಿದೆ, ಎದೆಯಲ್ಲೂ ಏನೋ ಅದರ ಜೊತೆ ಏಳುತ್ತಿದೆ, ರೂಪಾ, ನಿಂದೇನರ ಅನ್ನೂದೈತೇನವಾ, ಅಪ್ಪ ಕೇಳುತ್ತಿದ್ದಾನೆ, ಕೇಳಿಯೇಬಿಟ್ಟ, ಅವಳು ಬಾಯಿ ತೆರೆದಳು, ಅಪ್ಪಾ — ಕೈ, ಕೈ ಎಲ್ಲಿದೆ, ಆಗಲೇ ನೀರಲ್ಲಿದೆ, ಮೊಣಕೈತನಕ, ಯಾವಾಗ ಹೋಯಿತು, ಯಾರೂ ಹೇಳಿರಲಿಲ್ಲ, ಬೇರಿನ ಬೆನ್ನು ಹಿಡಿದು ಕೆಳಕ್ಕೆ, ಉಸುಕಿಗೆ, ಇಪ್ಪತ್ತೆಂಟು ಬೆಳಗಿನ ರೂಢಿಯಲ್ಲಿ ಕೆಳಕ್ಕೆ, ಬಿಡು ಎಂದರೂ ಬಿಡದು, ಆಕಿ ಏನ ಅಂತಾಳ್ರಿ, ಮೀನಿನ ಮುಂದ ನಿಂತಾಳ, ನೀವು ತಾರೀಖ ನೋಡ್ರಿ, ಪಾರ್ವತಿಬಾಯಿಯ ದನಿ, ಅಪ್ಪ ನಕ್ಕ ಸದ್ದು, ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು, ಅಂಗೈಗೆ ಬೇರು ಒತ್ತುತ್ತಿದೆ, ಮೇಲಕ್ಕೆ, ಸಣ್ಣಗೆ, ಮೇಲಕ್ಕೆ, ಕಂದು ನೀರು, ನೀರಿನ ಮಟ್ಟದಲ್ಲಿ ಮುರಿದ ಕೈ, ಕೆಳಗಿನ ತುಂಡು ಒತ್ತಿ ಹಿಡಿದಿದೆ, ಒತ್ತಿ ಹಿಡಿದಿದೆ —